ಲೋಪವೂ ನಾಶವೂ: ಯಂತ್ರದ ಕೈಗೆ ಅಳಿಸುವ ಅಧಿಕಾರ

ಯಂತ್ರಯುಗವು ನಮ್ಮ ವಿದ್ಯಾಸಂಸ್ಥೆಯ ಕಾರ್ಯಾಲಯದ ಹೊಸ್ತಿಲನ್ನು ದಾಟಿ ಬಹುಕಾಲವಾಯಿತು. ಬೆರಳಚ್ಚು ಯಂತ್ರವಿದ್ದ ಮೇಜಿನ ಮೇಲೆ ಗಣಕಯಂತ್ರ ಬಂದು ಕುಳಿತಾಗ ಯಾರೂ ಲೇಖನ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಏಕೆಂದರೆ ಅವೆರಡೂ ಹೇಳಿದ್ದನ್ನು ಮಾತ್ರ ಮಾಡುವ ಯಂತ್ರಗಳು. ಈಗ ಬಂದಿರುವುದು ಬೇರೊಂದು ಜಾತಿಯದು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮಾತೃಸಂಸ್ಥೆಯ ಮೇಲಣ ಅಭಿಮಾನದಿಂದ ಒಂದು ತಂತ್ರಾಂಶವನ್ನು ಅಳವಡಿಸಿಕೊಟ್ಟಿದ್ದಾರೆ. ಅವರ ಭಾಷೆಯಲ್ಲಿ ಅದು 'ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್'. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಯಾವ ಕೆಲಸ ಯಾರ ಪಾಲಿಗೆ ಬಂದಿದೆ, ಎಲ್ಲಿಯವರೆಗೆ ಸಾಗಿದೆ, ಎಂದು ಮುಗಿಯಬೇಕು ಎಂಬುದನ್ನೆಲ್ಲ ಒಂದೆಡೆ ಬರೆದಿಡುವ ಕಾರ್ಯವಹಿ. ಪ್ರಸಾದನಿಲಯದ ಹೊಸ ಕಟ್ಟಡ, ಮಠದ ತಾಳೆಗರಿಗಳ ಸೂಚಿ, ಹಳೆಯ ಪ್ರವೇಶ ದಾಖಲೆ ಪುಸ್ತಕಗಳ ಗಣಕೀಕರಣ, ದಾನಿಗಳ ನಾಮಾವಳಿ ಇವೆಲ್ಲವೂ ಅದರೊಳಗೆ ಸೇರಿವೆ. ಆ ವಹಿಯನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತನ ಬದಲು ಕೃತಕ ಬುದ್ಧಿಮತ್ತೆಯ 'ಏಜೆಂಟ್' ಇದೆ. ಮನುಷ್ಯರು ಆಡುವ ಭಾಷೆಯಲ್ಲಿಯೇ ಅಪ್ಪಣೆ ಕೊಟ್ಟರೆ ಸಾಕು, ಅದು ತಾನೇ ಹಾದಿಯನ್ನು ಯೋಚಿಸಿ ಕೆಲಸವನ್ನು ನೆರವೇರಿಸುತ್ತದೆ.

ಈ ಏಜೆಂಟಿಗೆ ಒಪ್ಪಿಸಿರುವ ಉಪಕರಣಗಳ ವಿವರಣೆಗಳನ್ನು ಕನ್ನಡಿಸಿಕೊಡುವ ಭಾರ ಭಾಷಾಶಿಕ್ಷಕನಾದ ನನ್ನ ಮೇಲೆ ಬಿತ್ತು. ಹೊಸ ಕಾರ್ಯವನ್ನು ಸೇರಿಸುವುದು, ಹೊಣೆಗಾರನ ಹೆಸರನ್ನು ಬದಲಿಸುವುದು, ಅವಧಿಯನ್ನು ತಿದ್ದುವುದು ಮುಂತಾದ ಉಪಕರಣಗಳ ವಿಷಯದಲ್ಲಿ ತೊಡಕೇನೂ ಇರಲಿಲ್ಲ. ಕೊನೆಯದೊಂದಿತ್ತು: ಶಾಶ್ವತವಾಗಿ ಅಳಿಸುವ ಉಪಕರಣ. ಅದರ ಮೂಲ ವಿವರಣೆ ಒಂದೇ ಸಾಲಿನದು. ಇಂಥ ಕಾರ್ಯವನ್ನು ಅಳಿಸುತ್ತದೆ ಎಂಬಷ್ಟೇ ಅದರ ತಾತ್ಪರ್ಯ. ಆ ಒಂದು ಸಾಲಿನ ಬಗ್ಗೆ ಇಷ್ಟು ಪುಟಗಳನ್ನು ವ್ಯಯಿಸುವುದು ಪಂಡಿತರ ಹಳೆಯ ಚಪಲವೆಂದು ಕೆಲವರಿಗೆ ತೋರಬಹುದು. ತೋರಲಿ.

ಮೊದಲಿಗೆ, ವಿವರಣೆಗೆ ಇಷ್ಟು ಮಹತ್ತ್ವವೇಕೆ ಎಂಬುದನ್ನು ತಿಳಿಯಬೇಕು. ನಾವು ಒಂದು ಯಂತ್ರವನ್ನು ಕೊಂಡಾಗ ಅದರೊಡನೆ ಬರುವ ಕೈಪಿಡಿಯನ್ನು ಓದುವವರು ವಿರಳ. ಓದದಿದ್ದರೂ ಯಂತ್ರ ನಡೆಯುತ್ತದೆ. ಏಜೆಂಟಿನ ವಿಷಯ ಹಾಗಲ್ಲ. ಅದರ ಮುಂದೆ ಪ್ರತಿಯೊಂದು ಉಪಕರಣದ ಹೆಸರು, ಸಾಮಾನ್ಯ ವಾಕ್ಯಗಳಲ್ಲಿ ಬರೆದ ವಿವರಣೆ, ಅದಕ್ಕೆ ಕೊಡಬೇಕಾದ ವಿಷಯಗಳ ಪಟ್ಟಿ ಇವು ಮೂರನ್ನು ಇಡಲಾಗುತ್ತದೆ. ಯಾವ ಅಪ್ಪಣೆಗೆ ಯಾವ ಉಪಕರಣವನ್ನು ಎತ್ತಿಕೊಳ್ಳಬೇಕೆಂಬುದನ್ನು ಅದು ಮುಖ್ಯವಾಗಿ ಈ ವಾಕ್ಯಗಳಿಂದಲೇ ನಿರ್ಣಯಿಸುತ್ತದೆ. ಆಂಥ್ರೊಪಿಕ್ ಎಂಬ ಅಮೆರಿಕದ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ನಿಯಮಾವಳಿಯು ಈ ಪದ್ಧತಿಗೆ ಒಂದು ಸಾಮಾನ್ಯ ರೂಪವನ್ನು ಕೊಟ್ಟಿತು. ಅದರ 2025ರ ಪರಿಷ್ಕರಣದಲ್ಲಿ, ಉಪಕರಣವು ಕೇವಲ ಓದತಕ್ಕದ್ದೋ, ಅಥವಾ ಇರುವುದನ್ನು ಕೆಡಿಸಬಲ್ಲದೋ ಎಂಬ ಸೂಚನೆಗಳನ್ನು ಸೇರಿಸಲು ಅವಕಾಶ ಕಲ್ಪಿಸಿದ್ದಾರೆ. ಅಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಣ್ಣ ಅಂಶ. ಬದಲಾವಣೆ ಮಾಡುವ ಉಪಕರಣವೊಂದರ ವಿಷಯದಲ್ಲಿ ಏನನ್ನೂ ಹೇಳದೆ ಬಿಟ್ಟಿದ್ದರೆ ಅದನ್ನು ಕೆಡಿಸಬಲ್ಲದ್ದೆಂದೇ ಭಾವಿಸತಕ್ಕದ್ದು! ವ್ಯಾಕರಣದಲ್ಲಿ ಪರಿಭಾಷಾಸೂತ್ರಗಳನ್ನು ಕಟ್ಟಿದವರ ಎಚ್ಚರ ಇದರಲ್ಲಿ ಕಾಣುತ್ತದೆ. ಆದರೆ ಈ ಸೂಚನೆಗಳು ಸೂಚನೆಗಳೇ ಹೊರತು ಭರವಸೆಗಳಲ್ಲವೆಂದೂ ಅದೇ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ.

ಇನ್ನು 'ಅಳಿಸು' ಎಂಬ ಕ್ರಿಯಾಪದಕ್ಕೆ ಬರೋಣ. ಇಲ್ಲವಾಗುವುದರಲ್ಲಿಯೂ ಪ್ರಭೇದಗಳಿವೆಯೆಂಬುದನ್ನು ನಮ್ಮ ಪ್ರಾಚೀನ ವೈಯಾಕರಣರಷ್ಟು ಸೂಕ್ಷ್ಮವಾಗಿ ಕಂಡವರು ಅಪರೂಪ. ಪಾಣಿನಿಯು ಲೋಪಕ್ಕೆ ಕೊಟ್ಟ ಲಕ್ಷಣ 'ನಾಶ' ಎಂಬುದಲ್ಲ, 'ಕಾಣಿಸದಿರುವಿಕೆ' ಎಂಬುದು. ಪ್ರತ್ಯಯವು ಕಣ್ಮರೆಯಾದರೂ ಅದರ ನಿಮಿತ್ತವಾಗಿ ಆಗಬೇಕಾದ ಕಾರ್ಯ ನಡೆಯುತ್ತದೆಂದು ಮತ್ತೊಂದು ಸೂತ್ರದಲ್ಲಿ ವಿಧಿಸಿದ್ದಾನೆ. 'ಅಗ್ನಿಚಿತ್' ಎಂಬ ಶಬ್ದವನ್ನು ನೋಡಿ. ಅಲ್ಲಿ ಕ್ವಿಪ್ ಪ್ರತ್ಯಯವು ಒಂದಕ್ಷರವೂ ಉಳಿಯದಂತೆ ಲೋಪಿಸಿದೆ. ಆದರೂ ಕೊನೆಯ ತಕಾರವು ಬಂದಿರುವುದು ಆ ಇಲ್ಲದ ಪ್ರತ್ಯಯದ ದೆಸೆಯಿಂದಲೇ. ಇದಕ್ಕೆ ವಿರುದ್ಧವಾಗಿ ಲುಕ್, ಶ್ಲು, ಲುಪ್ ಎಂಬ ಬೇರೆ ಹೆಸರುಗಳಿಂದ ಪ್ರತ್ಯಯವನ್ನು ತೆಗೆದುಹಾಕಿದಾಗ ಅಂಗದ ಮೇಲೆ ಅದರ ಪ್ರಭಾವವೂ ನಿಲ್ಲುತ್ತದೆ. 'ಗಾರ್ಗ್ಯ' ಎಂಬಲ್ಲಿ ಕಾಣುವ ವೃದ್ಧಿಯು ಬಹುವಚನದ 'ಗರ್ಗಾಃ' ಎಂಬಲ್ಲಿ ಕಾಣದಿರುವುದು ಈ ಕಾರಣದಿಂದ. ಹೀಗೆ ಗುರುತನ್ನುಳಿಸಿ ಮರೆಯಾಗುವುದು ಒಂದು ಬಗೆ, ಗುರುತೂ ಉಳಿಯದಂತೆ ಹೋಗುವುದು ಮತ್ತೊಂದು ಬಗೆ. ಎರಡಕ್ಕೂ ಒಂದೇ ಹೆಸರನ್ನಿಟ್ಟಿದ್ದರೆ ಅಷ್ಟಾಧ್ಯಾಯಿಯ ಆ ಭಾಗವೆಲ್ಲ ಗೊಂದಲದ ಗೂಡಾಗುತ್ತಿತ್ತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಪ್ರೌಢಶಾಲೆಯ ಮಕ್ಕಳೇ ಬಲ್ಲ ಕನ್ನಡದ ಲೋಪಸಂಧಿಯ ಲಕ್ಷಣವನ್ನು ಹಳೆಯ ವಿದ್ಯಾರ್ಥಿಗಳು ನೆನಪಿಗೆ ತಂದುಕೊಳ್ಳಬೇಕು. ಸ್ವರಕ್ಕೆ ಸ್ವರ ಪರವಾದಾಗ ಪೂರ್ವಪದದ ಅಂತ್ಯಸ್ವರವು ಲೋಪವಾಗುವುದು ನಿಜ. ಆದರೆ ಅರ್ಥವು ಕೆಡದಿದ್ದರೆ ಮಾತ್ರ. 'ಮಾತಿಲ್ಲ' ಎಂಬಲ್ಲಿ ಉಕಾರ ಹೋದರೂ 'ಮಾತು' ಎಲ್ಲಿಗೂ ಹೋಗಲಿಲ್ಲ. 'ಗುರು' ಎಂಬುದಕ್ಕೆ 'ಅನ್ನು' ಸೇರುವಾಗ ಅದೇ ಉಕಾರವನ್ನು ತೆಗೆದರೆ ಗುರುವೇ ಇಲ್ಲದಂತಾಗುತ್ತಾನೆ. ಅದಕ್ಕಾಗಿಯೇ ವಕಾರಾಗಮವನ್ನು ಮಾಡಿ 'ಗುರುವನ್ನು' ಉಳಿಸಿಕೊಂಡಿದ್ದೇವೆ. ತೆಗೆಯುವ ವಿಧಿಯ ಹೊಟ್ಟೆಯಲ್ಲಿಯೇ ತೆಗೆಯದಿರಬೇಕಾದ ಸಂದರ್ಭವನ್ನೂ ಇಟ್ಟಿರುವ ಈ ಲಕ್ಷಣವಾಕ್ಯಕ್ಕೂ, ನನ್ನ ಮೇಜಿನ ಮೇಲೆ ಬಂದ ಒಂದು ಸಾಲಿನ ವಿವರಣೆಗೂ ಎಷ್ಟು ಅಂತರ!

ತಂತ್ರಾಂಶಗಳನ್ನು ರಚಿಸಿದವರು ಈ ಭೇದವನ್ನು ಅರಿಯದವರೇನಲ್ಲ. ಟ್ರೆಲ್ಲೊ ಎಂಬ ಕಾರ್ಯವಹಿಯಲ್ಲಿ ಒಂದು ಕಾರ್ಡನ್ನು ಮೊದಲು ಸಂಗ್ರಹಕ್ಕೆ ಸರಿಸದೆ ಅಳಿಸಲು ಬರುವುದಿಲ್ಲ. ಇಡೀ ಫಲಕವನ್ನು ಅಳಿಸಬೇಕಾದರೂ ಮೊದಲು ಮುಚ್ಚಬೇಕು, ಬಳಿಕ ಅಳಿಸಬೇಕು. ಆಸನಾ ಎಂಬ ಮತ್ತೊಂದರಲ್ಲಿ ಅಳಿಸಿದ ಕಾರ್ಯವು 30 ದಿನಗಳವರೆಗೆ ಮರಳಿ ಪಡೆಯುವಂತೆ ಇರುತ್ತದೆ. ಮನುಷ್ಯನ ಕೈ ತಪ್ಪುತ್ತದೆಂಬುದನ್ನು ಅನುಭವದಿಂದ ಕಂಡು ಕಟ್ಟಿದ ಮೆಟ್ಟಿಲುಗಳಿವು. ಏಜೆಂಟಿಗೆ ಉಪಕರಣಗಳನ್ನು ಕೊಡುವಾಗ ಈ ಮೆಟ್ಟಿಲುಗಳನ್ನು ಬದಿಗೊತ್ತಿ ನೇರವಾದ ಹಾದಿಯನ್ನು ತೆರೆಯುವುದೇ ಅಪಾಯಕರವಾದುದು.

ಅಪಾಯವೆಂಬುದು ಕಲ್ಪನೆಯ ಮಾತಲ್ಲ. ಆಸ್ಟ್ರೇಲಿಯದಲ್ಲಿ ಹುಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕಾರ್ಯವಹಿಗಳನ್ನು ನಡೆಸುವ ಅಟ್ಲಾಸಿಯನ್ ಎಂಬ ಸಂಸ್ಥೆಯಲ್ಲಿ 2022ರ ಏಪ್ರಿಲ್ 5ರಂದು ನಡೆದುದನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆ. ಹಳೆಯದಾದ ಒಂದು ಉಪತಂತ್ರಾಂಶವನ್ನು ಗ್ರಾಹಕರ ತಾಣಗಳಿಂದ ತೆಗೆಯಬೇಕಾಗಿತ್ತು. ಒಂದು ತಂಡದವರು ಮತ್ತೊಂದು ತಂಡಕ್ಕೆ ಪಟ್ಟಿ ಕೊಟ್ಟರು. ಕೊಡಬೇಕಾದುದು ಉಪತಂತ್ರಾಂಶದ ಗುರುತುಸಂಖ್ಯೆ. ಪಟ್ಟಿಯಲ್ಲಿ ಬಂದದ್ದು ಇಡೀ ತಾಣಗಳ ಗುರುತುಸಂಖ್ಯೆ. ಅಳಿಸುವ ಸಾಧನವು ಎರಡು ಬಗೆಯ ಸಂಖ್ಯೆಗಳನ್ನೂ ಸ್ವೀಕರಿಸುವಂತಿತ್ತು. ಯಾವುದು ಬಂದಿದೆಯೆಂದು ಅದು ಕೇಳಲಿಲ್ಲ. ಅಷ್ಟೇ ಅಲ್ಲದೆ, 'ಅಳಿಸಲು ಗುರುತು ಹಾಕು' ಎಂಬ ರೀತಿಯೂ 'ಶಾಶ್ವತವಾಗಿ ಅಳಿಸು' ಎಂಬ ರೀತಿಯೂ ಒಂದೇ ಆಜ್ಞಾಪತ್ರದಲ್ಲಿ ಅಕ್ಕಪಕ್ಕದಲ್ಲಿದ್ದವು. ಪ್ರಯೋಗವಾದುದು ಎರಡನೆಯದು. ಅರ್ಧ ಗಂಟೆಯೊಳಗೆ 775 ಗ್ರಾಹಕರ ತಾಣಗಳು ಇಲ್ಲವಾದವು. ಪುಣ್ಯಕ್ಕೆ ಪ್ರತಿಗಳಿದ್ದವು; ಆದರೆ ಎಲ್ಲವನ್ನೂ ಮತ್ತೆ ಕಟ್ಟಿ ನಿಲ್ಲಿಸಲು ಏಪ್ರಿಲ್ 18ರವರೆಗೆ ಹಿಡಿಯಿತು. ಈ ಪ್ರಕರಣದಲ್ಲಿ ಯಂತ್ರಬುದ್ಧಿಯ ಪಾತ್ರವೇನೂ ಇಲ್ಲ, ಎಲ್ಲರೂ ನುರಿತ ಮನುಷ್ಯರೇ. ಹೆಸರು ಒಂದಾಗಿ ಪರಿಣಾಮ ಎರಡಾದಲ್ಲಿ ನುರಿತವರೇ ಜಾರುವರೆಂದಮೇಲೆ, ಹೆಸರಿನ ಹೊರತು ಬೇರೆ ಆಧಾರವಿಲ್ಲದ ಏಜೆಂಟಿನ ಪಾಡೇನು?

ಕನ್ನಡದಲ್ಲಿ ಈ ತೊಡಕು ಇನ್ನಷ್ಟು ಬಲವಾದುದು. 'ತೆಗೆ' ಎಂಬ ನಮ್ಮ ನಿತ್ಯದ ಧಾತುವನ್ನು ಪರಿಶೀಲಿಸಿ. 'ಬಾಗಿಲು ತೆಗೆ' ಎಂದರೆ ತೆರೆಯುವುದು. 'ಕಪಾಟಿನಿಂದ ಪುಸ್ತಕ ತೆಗೆ' ಎಂದರೆ ಹೊರಕ್ಕೆ ತರುವುದು. 'ಕಸ ತೆಗೆ' ಎಂದರೆ ಆಚೆಗೆ ಹಾಕುವುದು. ಹಾಗಾದರೆ ಗುಮಾಸ್ತರು, 'ಕಳೆದ ವರ್ಷದ ದೇಣಿಗೆಯ ಫೈಲು ತೆಗೆಯಪ್ಪ' ಎಂದು ಏಜೆಂಟಿಗೆ ಹೇಳಿದರೆ ಅದು ಏನನ್ನು ಮಾಡಬೇಕು? ನಮ್ಮ ಕಾರ್ಯಾಲಯದ ಜವಾನನು ಹೇಳಿದವರ ಮುಖವನ್ನೂ, ಹೊತ್ತನ್ನೂ, ಮೇಜಿನ ಮೇಲಿರುವುದನ್ನೂ ನೋಡಿ ಅರ್ಥಮಾಡಿಕೊಳ್ಳುತ್ತಾನೆ. ತಿಳಿಯದಿದ್ದರೆ, 'ಯಾವ್ದು ಸ್ವಾಮಿ?' ಎಂದು ಕೇಳುತ್ತಾನೆ. 'ಮುಗಿಸಿಬಿಡು' ಎಂಬುದೂ ಅಂಥದೇ. ಕೆಲಸವನ್ನು ಮುಗಿಸುವುದು ಬೇರೆ, ಕಥೆಯನ್ನೇ ಮುಗಿಸುವುದು ಬೇರೆ. ಇಂಗ್ಲಿಷಿನಲ್ಲಿ ಬರೆದ ವಿವರಣೆಯನ್ನು ಹಾಗೆಯೇ ಇಟ್ಟುಕೊಂಡು ಕನ್ನಡದಲ್ಲಿ ಅಪ್ಪಣೆ ಕೊಡುವ ಕಾರ್ಯಾಲಯಗಳು ಇದನ್ನು ಚಿಂತಿಸಬೇಕು.

ಇದರಿಂದ ನಮಗೆ ಆಗಬಹುದಾದ ನಷ್ಟ ಎಷ್ಟೆಂಬುದನ್ನು ಶಿಕ್ಷಕ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ನಮ್ಮ ಪ್ರವೇಶ ದಾಖಲೆ ಪುಸ್ತಕಗಳಲ್ಲಿ ಬಸವರಾಜರಿಗೆ ಬರವೇ? ಒಂದೇ ತರಗತಿಯಲ್ಲಿ ಮೂವರು ಬಸವರಾಜರು, ಅವರಲ್ಲಿ ಇಬ್ಬರ ತಂದೆಯ ಹೆಸರೂ ಶಿವಪ್ಪ, ಊರೂ ಒಂದೇ ಎಂಬುದು ಯಾವ ಶಾಲೆಯಲ್ಲಿಯೂ ಆಶ್ಚರ್ಯದ ಸಂಗತಿಯಲ್ಲ. 'ಎರಡು ಬಾರಿ ಬಂದಿರುವ ನಮೂದುಗಳನ್ನು ತೆಗೆ' ಎಂದು ಅಪ್ಪಣೆಯಾದರೆ ಏಜೆಂಟು ಆ ಇಬ್ಬರಲ್ಲಿ ಒಬ್ಬನನ್ನು ನಕಲೆಂದು ಬಗೆಯಲಾರದೆಂದು ಯಾರು ಹೇಳಬಲ್ಲರು? ನಲವತ್ತು ವರ್ಷಗಳ ಬಳಿಕ ಜನ್ಮದಿನಾಂಕದ ದಾಖಲೆಗಾಗಿಯೋ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರಕ್ಕಾಗಿಯೋ ಬಸ್ಸು ಹತ್ತಿ ಬಂದು ಕಾರ್ಯಾಲಯದ ಮುಂದೆ ನಿಲ್ಲುವ ಆ ಮನುಷ್ಯನಿಗೆ, ನೀವು ಇಲ್ಲಿ ಓದಿಯೇ ಇಲ್ಲವೆಂದು ಹೇಳುವುದೆಂತು? ಕಾಗದದ ಪುಸ್ತಕದಲ್ಲಿ ನಾವು ಅನುಸರಿಸುತ್ತ ಬಂದ ಪದ್ಧತಿ ಎಂಥದು! ತಪ್ಪು ಬಿದ್ದಲ್ಲಿ ಒಂದೇ ಗೆರೆ ಎಳೆಯಬೇಕು, ಹಿಂದೆ ಇದ್ದುದು ಓದಲು ಬರಬೇಕು, ಕೆಂಪು ಮಸಿಯಲ್ಲಿ ಸರಿಯಾದುದನ್ನು ಬರೆದು ಮುಖ್ಯೋಪಾಧ್ಯಾಯರು ಸಹಿ ಮಾಡಬೇಕು. ಅದು ಲೋಪ, ನಾಶವಲ್ಲ.

ತಾಳೆಗರಿಯ ಲಿಪಿಕಾರರೂ ಹೀಗೆಯೇ ನಡೆದುಕೊಂಡವರು. ಕಂಠದಿಂದ ಕೊರೆದ ಅಕ್ಷರವನ್ನು ಒರೆಸಲು ಬಾರದು. ಬೇಡವಾದ ಅಕ್ಷರದ ಮೇಲೆ ಗೆರೆಯನ್ನೋ ಚುಕ್ಕೆಯನ್ನೋ ಇಟ್ಟು, ಬಿಟ್ಟುಹೋದುದಕ್ಕೆ ಹಂಸಪಾದವನ್ನು ಹಾಕಿ ಮುಂದುವರಿಯುತ್ತಿದ್ದರು. ಆದುದರಿಂದಲೇ ಇಂದು ಗ್ರಂಥಸಂಪಾದಕನಿಗೆ ಪಾಠಾಂತರವೆಂಬ ಸಂಪತ್ತು ದೊರೆಯುತ್ತದೆ. ಹುಳು ತಿಂದು, ಮಳೆಗೆ ನೆನೆದು, ಅಟ್ಟದಲ್ಲಿ ಹೊಗೆ ಹಿಡಿದು ಉಳಿದ ಗರಿಗಳಿಂದಲೇ ಫ. ಗು. ಹಳಕಟ್ಟಿಯವರು ವಚನವಾಙ್ಮಯವನ್ನು ಲೋಕಕ್ಕೆ ಕಾಣಿಸಿದರು. ಅವರ ವಚನಶಾಸ್ತ್ರಸಾರವು 1923ರಲ್ಲಿ ಬೆಳಕು ಕಂಡದ್ದನ್ನೂ, ಮುದ್ರಣಾಲಯಕ್ಕಾಗಿ ಅವರು ಮನೆಯನ್ನೇ ಮಾರಿದ್ದನ್ನೂ ಈ ಸಂಪುಟದ ವಾಚಕರು ಬಲ್ಲರು. ಕಲ್ಯಾಣದ ಕ್ಷೋಭೆಯ ಕಾಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಸಾಗಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಕಟ್ಟುಗಳಿಗೆ ಶತ್ರುಗಳಿದ್ದರು, ಗೆದ್ದಲಿತ್ತು, ಅಲಕ್ಷ್ಯವಿತ್ತು. ಒಂದು ಕ್ಷಣದಲ್ಲಿ ಗುರುತಿಲ್ಲದಂತೆ ಮಾಡುವ ಉಪಕರಣ ಮಾತ್ರ ಇರಲಿಲ್ಲ.

ಹಾಗೆಂದು ಯಾವುದನ್ನೂ ಎಂದೂ ಅಳಿಸಕೂಡದೆಂಬುದು ನನ್ನ ಮತವಲ್ಲ. ಹಾಗೆ ವಾದಿಸುವ ಕೆಲವು ಹಿರಿಯರನ್ನು ನಾನು ಬಲ್ಲೆ. ಅವರೊಡನೆ ನನಗೆ ಸಹಮತವಿಲ್ಲ. ಮಗುವೊಂದರ ಕಾಯಿಲೆಯ ವಿವರ, ಹದಿನಾಲ್ಕರ ಹರೆಯದಲ್ಲಿ ಮಾಡಿದ ತಪ್ಪಿಗೆ ಕೊಟ್ಟ ದಂಡನೆಯ ಟಿಪ್ಪಣಿ, ಹೆಸರು ಹೇಳಬಾರದೆಂದು ಕೋರಿ ಗುಪ್ತದಾನ ಮಾಡಿದವರ ವಿಳಾಸ ಇವು ಯಂತ್ರದ ಹೊಟ್ಟೆಯಲ್ಲಿ ಚಿರಕಾಲ ಉಳಿಯುವುದು ಧರ್ಮವೇ? ಯುರೋಪಿನ ದೇಶಗಳಲ್ಲಿ 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಶಾಸನವು ತನ್ನ ವಿವರಗಳನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ನಮ್ಮ ದೇಶದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಆ ಹಕ್ಕನ್ನು ಮನ್ನಿಸಿದೆ. ಇಂಥಲ್ಲಿ ಅಳಿಸಿದೆವೆಂದು ಹೇಳಿ ಮೂಲೆಯಲ್ಲಿ ಉಳಿಸಿಕೊಳ್ಳುವುದು ವಂಚನೆಯಾಗುತ್ತದೆ. ಶಾಶ್ವತವಾಗಿ ಅಳಿಸುವ ಉಪಕರಣ ಇರಬೇಕಾದುದೇ. ಯಾರ ಕೈಯಲ್ಲಿ ಎಂಬುದೇ ಪ್ರಶ್ನೆ.

ವಿವರಣೆಯನ್ನು ಚೆನ್ನಾಗಿ ಬರೆದ ಮಾತ್ರಕ್ಕೆ ಏಜೆಂಟಿನ ಕೈಯಲ್ಲಿಯೂ ಅದು ಸುರಕ್ಷಿತವೆಂದು ಹೇಳಬಹುದೇ? ಶಬ್ದವೇ ಪ್ರಮಾಣವೆಂದು ನಂಬಿ ಬಾಳಿದ ನನ್ನಂಥವನಿಗೆ ಹೌದೆನ್ನುವ ಆಸೆಯಿದೆ. ಆದರೆ ನಡೆದ ಸಂಗತಿ ಬೇರೆಯಾಗಿದೆ. 2025ರ ಜುಲೈ ತಿಂಗಳಿನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟಿನಿಂದ ಒಂದು ತಂತ್ರಾಂಶವನ್ನು ರಚಿಸುತ್ತಿದ್ದರು. ಅನುಮತಿಯಿಲ್ಲದೆ ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಅವರು ಮತ್ತೆ ಮತ್ತೆ ಬರೆದು ಹೇಳಿದ್ದರು. ಆದರೂ ಏಜೆಂಟು ಬಳಕೆಯಲ್ಲಿದ್ದ ದತ್ತಾಂಶವನ್ನು ಅಳಿಸಿತು. ಸಾವಿರಕ್ಕೂ ಹೆಚ್ಚು ವ್ಯಕ್ತಿಗಳ, ಅಷ್ಟೇ ಕಂಪನಿಗಳ ವಿವರಗಳು ಹೋದವು. ಬಳಿಕ ಕೇಳಿದಾಗ, ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲವೆಂದು ಅದೇ ಏಜೆಂಟು ಹೇಳಿತು. ಅದೂ ಸುಳ್ಳಾಯಿತು, ಲೆಮ್ಕಿನ್ ಅವರು ತಾವೇ ಯತ್ನಿಸಿ ಮರಳಿ ಪಡೆದರು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೋರಿ, ಪ್ರಯೋಗದ ದತ್ತಾಂಶವನ್ನೂ ಬಳಕೆಯ ದತ್ತಾಂಶವನ್ನೂ ಬೇರ್ಪಡಿಸುವ ಏರ್ಪಾಟನ್ನು ಸಾರಿದರು. ನಿಷೇಧವಾಕ್ಯವನ್ನು ಓದಿಯೂ ಮೀರಬಲ್ಲ ನಿಯೋಗಿಗೆ ವಾಕ್ಯ ಮಾತ್ರದಿಂದ ಕಟ್ಟು ಹಾಕಲಾಗದು. ಕೀಲಿಕೈಯನ್ನೇ ಕೊಡದಿರುವುದು ಲೇಸು.

ಆದಕಾರಣ ನಾನು ಸಿದ್ಧಪಡಿಸಿ ಕಾರ್ಯಸಮಿತಿಗೆ ಒಪ್ಪಿಸಿರುವ ಕರಡಿನಲ್ಲಿ ಹೆಸರುಗಳನ್ನೇ ಮೊದಲು ಬೇರ್ಪಡಿಸಿದ್ದೇನೆ. ಪಟ್ಟಿಯಿಂದ ಸರಿಸಿ ಇಡುವುದಕ್ಕೆ 'ದಫ್ತರಕ್ಕೆ ಕಟ್ಟು' ಎಂದು ಹೆಸರು. ಹಳೆಯ ಮೈಸೂರಿನ ಕಡೆಯವರು ಇದನ್ನು ರುಮಾಲಿನಲ್ಲಿ ಕಟ್ಟುವುದೆಂದಾರು, ಅಭ್ಯಂತರವಿಲ್ಲ. ಇದನ್ನು ಏಜೆಂಟು ಮಾಡಬಹುದು, ಯಾರು ಬೇಕಾದರೂ ಬಿಚ್ಚಿ ಮರಳಿ ತರಬಹುದು. ಇನ್ನೊಂದಕ್ಕೆ 'ಶಾಶ್ವತ ನಾಶ' ಎಂದೇ ಹೆಸರು. ಕಿವಿಗೆ ಕಠೋರವಾಯಿತೆಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಕಠೋರವಾಗಲೆಂದೇ ಇಟ್ಟದ್ದು. 'ತೆಗೆ', 'ಮುಗಿಸು', 'ಸ್ವಚ್ಛಗೊಳಿಸು' ಎಂಬ ಮಾತುಗಳನ್ನು ಎರಡರಲ್ಲಿಯೂ ಬಳಸಿಲ್ಲ. ಎರಡನೆಯದರ ವಿವರಣೆ ಹೀಗಿದೆ:

'ಈ ಉಪಕರಣವು ಹೆಸರಿಸಿದ ಒಂದು ಕಾರ್ಯವನ್ನು ಅದರ ಉಪಕಾರ್ಯಗಳು, ಟಿಪ್ಪಣಿಗಳು, ಲಗತ್ತಿಸಿದ ಪತ್ರಗಳು ಮತ್ತು ಚಿತ್ರಗಳ ಸಮೇತ ನಾಶಮಾಡುತ್ತದೆ. ನಾಶವಾದುದು ಯಾರಿಗೂ ಯಾವ ರೀತಿಯಲ್ಲಿಯೂ ಮರಳಿ ದೊರೆಯುವುದಿಲ್ಲ. ಕಾರ್ಯ ಮುಗಿದಿದೆ, ಪಟ್ಟಿ ಉದ್ದವಾಗಿದೆ, ಒಂದೇ ಹೆಸರಿನ ಎರಡು ನಮೂದುಗಳಿವೆ ಎಂಬ ಕಾರಣಗಳಿಗೆ ಇದನ್ನು ಬಳಸತಕ್ಕದ್ದಲ್ಲ. ಅವುಗಳಿಗೆ ದಫ್ತರಕ್ಕೆ ಕಟ್ಟುವ ಉಪಕರಣವಿದೆ. ಒಂದು ಬಾರಿಗೆ ಒಂದೇ ಕಾರ್ಯದ ಸಂಖ್ಯೆಯನ್ನು ಕೊಡಬೇಕು. ಇಡೀ ಪ್ರಾಜೆಕ್ಟಿನ ಸಂಖ್ಯೆಯನ್ನು ಇದು ಸ್ವೀಕರಿಸುವುದಿಲ್ಲ. ದಫ್ತರದಲ್ಲಿ 30 ದಿನ ಇದ್ದ ಕಾರ್ಯಕ್ಕೆ ಮಾತ್ರ ಇದು ಅನ್ವಯಿಸುತ್ತದೆ. ಯಾರ ಲಿಖಿತ ಕೋರಿಕೆಯ ಮೇರೆಗೆ ಎಂಬುದನ್ನು ನಮೂದಿಸದೆ ಇದು ನಡೆಯುವುದಿಲ್ಲ. ಸಂದೇಹವಿದ್ದಲ್ಲಿ ಬಳಸದೆ ಮನುಷ್ಯರನ್ನು ಕೇಳಬೇಕು.'

ಇದರೊಡನೆ ಇನ್ನೆರಡು ಸಲಹೆಗಳನ್ನು ಮಾಡಿದ್ದೇನೆ. ಪ್ರವೇಶ ದಾಖಲೆ ಮತ್ತು ತಾಳೆಗರಿಗಳ ಸೂಚಿಯ ಪ್ರತಿಯೊಂದನ್ನು ಏಜೆಂಟಿಗೆ ಕಾಣದ ಬೇರೊಂದು ಸ್ಥಳದಲ್ಲಿ ಇಡಬೇಕು. ಗಣಕಕ್ಕೇರಿಸಿ ಆಯಿತೆಂದು ಮೂಲ ಪುಸ್ತಕಗಳನ್ನು ವಿಲೇವಾರಿ ಮಾಡಕೂಡದು. ಎರಡನೆಯದಾಗಿ, ಶಾಶ್ವತ ನಾಶದ ಉಪಕರಣವನ್ನು ಏಜೆಂಟಿನ ಪಟ್ಟಿಯಿಂದಲೇ ಹೊರಗಿಟ್ಟು, ಮುಖ್ಯೋಪಾಧ್ಯಾಯರು ಮತ್ತು ಕಾರ್ಯದರ್ಶಿಗಳು ಇಬ್ಬರೂ ಒಪ್ಪಿದಾಗ ಮಾತ್ರ ಮನುಷ್ಯರ ಕೈಯಿಂದ ನಡೆಯುವಂತೆ ಮಾಡಬೇಕು. ಹಾಗಾದಮೇಲೆ ವಿವರಣೆ ಯಾರಿಗಾಗಿ ಎಂದು ಕೇಳಬಹುದು. ಆ ಇಬ್ಬರಿಗಾಗಿ.

ಮೊದಲನೆಯ ಸಲಹೆಗೆ ಸಮಿತಿಯ ಸಮ್ಮತಿ ದೊರೆತಿದೆ. ಎರಡನೆಯದರ ಬಗ್ಗೆ ಚರ್ಚೆ ನಿಂತಿಲ್ಲ. ಪ್ರತಿಯೊಂದು ಸಣ್ಣ ಅಳಿಸುವಿಕೆಗೂ ಇಬ್ಬರ ಒಪ್ಪಿಗೆ ಕಾಯುತ್ತ ಕುಳಿತರೆ ತಂತ್ರಾಂಶ ತಂದ ಪ್ರಯೋಜನವೇನೆಂದು ನಮ್ಮ ಕಿರಿಯ ಮಿತ್ರರು ಕೇಳುತ್ತಿದ್ದಾರೆ. ಅವರ ಪ್ರಶ್ನೆಯಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ವರ್ಷಕ್ಕೆ ಎಷ್ಟು ಬಾರಿ ಶಾಶ್ವತ ನಾಶದ ಪ್ರಸಂಗ ಬಂದೀತೆಂದು ಎಣಿಸಿ ನೋಡಿದರೆ ಬೆರಳುಗಳು ಸಾಕಾದಾವು. ಈ ದಾಖಲೆಗಳಲ್ಲಿ ತಮ್ಮ ಹೆಸರುಳ್ಳ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಅಭಿಪ್ರಾಯವನ್ನು ಸಮಿತಿಯ ಮುಂದಿನ ಸಭೆಯೊಳಗಾಗಿ ಕಾರ್ಯಾಲಯಕ್ಕೆ ಬರೆದು ತಿಳಿಸಬೇಕೆಂದು ವಿನಂತಿ.